ಸೋಮವಾರದ ಒಪ್ಪತ್ತು

ತೀರಿಕೊಂಡವರ ವಿಷಯದಲ್ಲಿ ಕೆಟ್ಟ ಮಾತನ್ನು ಆಡಬಾರದೆಂಬುದು ಲೋಕದ ಕಟ್ಟಳೆ. ಕಟ್ಟಳೆಯೇನೋ ಒಳ್ಳೆಯದೇ, ಉತ್ತರ ಕೊಡಲಾರದವರ ಮೇಲೆ ದೋಷ ಹೊರಿಸುವುದು ದೊಡ್ಡ ಪರಾಕ್ರಮವಲ್ಲ. ಆದರೆ ಅದರಿಂದ ಒಂದು ಕೇಡೂ ಉಂಟು. ನಮ್ಮ ತಂದೆತಾಯಿಗಳು ತೀರಿಕೊಂಡು ವರ್ಷ ತುಂಬುವುದರೊಳಗೆ ಮನುಷ್ಯರಾಗಿ ಉಳಿಯದೆ ಗೋಡೆಯ ಮೇಲಿನ ಪಟಗಳಾಗಿಬಿಡುತ್ತಾರೆ. ಪಟಕ್ಕೆ ಹಾರ ಹಾಕಬಹುದು, ಊದುಬತ್ತಿ ಹಚ್ಚಬಹುದು. ಅದರೊಡನೆ ಜಗಳವಾಡಲು ಬರುವುದಿಲ್ಲ. ನನ್ನ ಮಟ್ಟಿಗಂತೂ, ನನ್ನ ತಂದೆಯನ್ನು ನಿಜವಾಗಿ ನೆನೆಯಬೇಕಾದರೆ ಅವರೊಡನೆ ಆಡುತ್ತಿದ್ದ ಹಳೆಯ ಜಗಳವೊಂದನ್ನು ಬಿಟ್ಟಲ್ಲಿಂದ ಮುಂದುವರಿಸಿಯೇ ನೆನೆಯಬೇಕು. ಆ ಜಗಳ ಒಂದು ಹೊತ್ತಿನ ಊಟಕ್ಕೆ ಸಂಬಂಧಿಸಿದ್ದು.

ಅಪ್ಪ ಹುಟ್ಟಿದ್ದು 1927ರಲ್ಲಿ. ಗಾಂಧೀಜಿ ದೇಹಾಲಸ್ಯದಿಂದ ನಂದಿಬೆಟ್ಟಕ್ಕೆ ವಿಶ್ರಾಂತಿಗೆಂದು ಬಂದಿದ್ದ ವರ್ಷ ಅದು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಅವರಿಗೆ ಇಪ್ಪತ್ತು. ನಮ್ಮ ಮೈಸೂರು ಸಂಸ್ಥಾನಕ್ಕೆ ಆ ಸಂತೋಷ ಎರಡು ತಿಂಗಳು ತಡವಾಗಿ ತಲುಪಿತು. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ನಡೆದು, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ ಮೇಲೆಯೇ ಇಲ್ಲಿಯ ಜನ ಸರ್ಕಾರವನ್ನು ‘ನಮ್ಮದು’ ಎಂದರು. ಅಪ್ಪ ತರಗತಿಗೆ ಹೋಗುವುದನ್ನು ಬಿಟ್ಟು ಮೆರವಣಿಗೆಯಲ್ಲಿ ನಡೆದಿದ್ದರು. ಲಾಠಿಯ ಏಟು ತಿಂದ ಕಥೆಯನ್ನು ಅವರು ಎಂದೂ ಹೇಳಲಿಲ್ಲ. ತಿನ್ನಲಿಲ್ಲವೆಂದೇ ನನ್ನ ನಂಬಿಕೆ. ಆದರೆ ಆ ಎರಡು ತಿಂಗಳು ಅವರ ಆಯುಷ್ಯವನ್ನೆಲ್ಲ ಆಳಿತು. ಮುಂದೆ ಅವರು ಒಂದು ತಾಲ್ಲೂಕು ಕೇಂದ್ರದಲ್ಲಿ ಪಡಿತರದ ಕಡತಗಳನ್ನು ನೋಡುವ ಗುಮಾಸ್ತೆಯಾದರು. ಕೆಲಸ ಸಣ್ಣದು, ಸಂಬಳ ಇನ್ನೂ ಸಣ್ಣದು. ಆದರೆ ಮೆರವಣಿಗೆಯಲ್ಲಿ ನಡೆದು ಪಡೆದ ಸರ್ಕಾರದ ಒಂದು ಮೂಲೆ ತಮ್ಮ ಮೇಜಿನ ಮೇಲಿದೆ ಎಂಬ ಭಾವನೆ ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

1965ರ ಮಾತನ್ನು ಇಂದಿನ ಕಿರಿಯರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಆ ವರ್ಷ ಮಳೆ ಕೈಕೊಟ್ಟಿತು. ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧ ನಡೆಯಿತು. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ನಮ್ಮ ದೇಶದ ಒಲೆ ಉರಿಯಬೇಕು ಎನ್ನುವ ಸ್ಥಿತಿ. ಮರುವರ್ಷವೂ ಮಳೆ ಬಾರದೆ, 1966ರಲ್ಲಿ ಹೊರದೇಶಗಳಿಂದ ತರಿಸಿದ ಧಾನ್ಯ ಸುಮಾರು ಒಂದು ಕೋಟಿ ಟನ್. ಅನ್ನವನ್ನೇ ನಂಬಿದ್ದ ನಮ್ಮ ಮನೆಗಳಲ್ಲಿ ಹೆಂಗಸರು ಗೋಧಿಯನ್ನು ಏನು ಮಾಡಬೇಕೆಂದು ತೋಚದೆ ನುಚ್ಚು ಒಡೆದು ಉಪ್ಪಿಟ್ಟು ಮಾಡಿ ನೋಡುತ್ತಿದ್ದ ಕಾಲ. ಆಗ ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು, ಅನುಕೂಲವಿದ್ದವರು ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡಬೇಕೆಂದು ದೇಶವನ್ನು ಕೇಳಿಕೊಂಡರು. ಸೋಮವಾರದ ರಾತ್ರಿ ಅದಕ್ಕೆ ಗೊತ್ತಾಯಿತು. ಅನೇಕ ಊರುಗಳಲ್ಲಿ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ಜನರನ್ನು ಕೇಳುವುದಕ್ಕೆ ಮುಂಚೆ ಶಾಸ್ತ್ರಿಯವರು ತಮ್ಮ ಮನೆಯಲ್ಲಿಯೇ ಒಂದು ರಾತ್ರಿ ಒಲೆ ಹಚ್ಚಿಸದೆ, ಮಕ್ಕಳು ತಡೆದಾರೆಯೇ ಎಂದು ನೋಡಿದರೆಂದು ಅವರ ಮನೆಯವರು ಹೇಳಿದ್ದುಂಟು.

ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಪಕ್ಕದ ಮನೆಯದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಮಾರನೆಯ ಸೋಮವಾರ ರಾತ್ರಿ ಅಪ್ಪ ಒಂದು ಲೋಟ ಮಜ್ಜಿಗೆ ಕುಡಿದು ಮಲಗಿದರು. ನಮಗೆ ಮಕ್ಕಳಿಗೆ ಎಂದಿನಂತೆ ಊಟ. ನನಗಾಗ ಒಂಬತ್ತು ವರ್ಷ. ತಂಗಿ ಇನ್ನೂ ತೊಟ್ಟಿಲಲ್ಲಿದ್ದಳು. ಸೋಮವಾರ ಒಪ್ಪತ್ತು ಮಾಡುವುದು ನಮ್ಮ ಕಡೆ ಹೊಸದೇನಲ್ಲ. ಆದ್ದರಿಂದ ನೆರೆಯವರೊಬ್ಬರು ಅಪ್ಪನ ಶಿವಭಕ್ತಿಯನ್ನು ಹೊಗಳಿದರು. ಅಪ್ಪ ಗಂಭೀರವಾಗಿ, “ಇದು ಶಿವನ ಒಪ್ಪತ್ತಲ್ಲ ರಾಯರೇ, ಶಾಸ್ತ್ರಿಗಳ ಒಪ್ಪತ್ತು” ಎಂದರು. ತಮ್ಮ ವ್ರತವನ್ನು ಕುರಿತು ಅವರು ಮಾಡಿದ ತಮಾಷೆ ಅದೊಂದೇ. ಇನ್ನೊಂದು ಮಾತನ್ನು ಮಾತ್ರ ಅವರು ತಾವಾಗಿಯೇ ಹೇಳುತ್ತಿದ್ದರು. ಕಚೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಕೂಲಿಯ ಹೆಂಗಸೊಬ್ಬಳಿಗೆ ಯಾರೋ ಸೋಮವಾರದ ಉಪವಾಸದ ಹಿರಿಮೆಯನ್ನು ವಿವರಿಸಿದಾಗ, ಆಕೆ, “ನಮಗೆ ದಿನಾ ಸೋಮವಾರವೇ ಸ್ವಾಮಿ” ಎಂದಳಂತೆ. ಉಪವಾಸ ಮಾಡುವುದಕ್ಕೂ ಮೊದಲು ಮನೆಯಲ್ಲಿ ಊಟ ಇರಬೇಕು. ಅದು ಉಳ್ಳವರ ಪುಣ್ಯ. ಈ ಮಾತು ಅಪ್ಪನಿಗೆ ತಿಳಿದಿತ್ತು. ತಿಳಿದಿದ್ದರಿಂದಲೇ ತಮ್ಮ ಒಪ್ಪತ್ತನ್ನು ಅವರು ದೊಡ್ಡದೆಂದು ಎಣಿಸಲಿಲ್ಲವೆಂದು ಕಾಣುತ್ತದೆ.

ಇಷ್ಟೇ ಆಗಿದ್ದರೆ ಜಗಳಕ್ಕೆ ಕಾರಣವಿರಲಿಲ್ಲ. ಜಗಳದ ಬೀಜ ಬಿದ್ದದ್ದು 1967ರಲ್ಲಿ, ಅತ್ತೆಯ ಮದುವೆಯಲ್ಲಿ. ಅತ್ತೆ ಅಪ್ಪನ ಕೊನೆಯ ತಂಗಿ. ಅಪ್ಪನಿಗಿಂತ ಇಪ್ಪತ್ತೊಂದು ವರ್ಷ ಚಿಕ್ಕವಳು. ನಮ್ಮ ತಾತ ಬೇಗ ತೀರಿಕೊಂಡದ್ದರಿಂದ ಅಪ್ಪನೇ ಅವಳಿಗೆ ಅಣ್ಣ, ಅಪ್ಪನೇ ಅವಳಿಗೆ ಅಪ್ಪ. ಆಗ ಸಕ್ಕರೆಗೆ ಪಡಿತರ. ಮದುವೆಯ ಮನೆಯವರು ಲಗ್ನಪತ್ರಿಕೆಯನ್ನಿಟ್ಟು ಅರ್ಜಿ ಕೊಟ್ಟರೆ ಹೆಚ್ಚಿನ ಸಕ್ಕರೆಗೆ ಪರ್ಮಿಟ್ಟು ಸಿಗುತ್ತಿತ್ತು. ಊರಿನವರೆಲ್ಲ ಪಡೆಯುತ್ತಿದ್ದರು, ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಅರ್ಜಿಗಳನ್ನು ನೋಡಿ, ಇಷ್ಟು ಸೇರು ಕೊಡಬಹುದೆಂದು ಟಿಪ್ಪಣಿ ಬರೆಯುವ ಕೈ ಅಪ್ಪನದು. “ನನ್ನ ಅರ್ಜಿಗೆ ನಾನೇ ಟಿಪ್ಪಣಿ ಬರೆದುಕೊಳ್ಳಲೇ?” ಎಂದು ಅವರು ಅರ್ಜಿಯನ್ನೇ ಹಾಕಲಿಲ್ಲ. ಮೇಲಧಿಕಾರಿಗಳು ತಾವೇ ಬರೆಯುತ್ತೇವೆಂದರೂ ಒಪ್ಪಲಿಲ್ಲ. ಮದುವೆ ಬೆಲ್ಲದಲ್ಲಿ ನಡೆಯಿತು. ಬೆಲ್ಲದ ಪಾಯಸ, ಬೆಲ್ಲದ ಉಂಡೆ, ಬೀಗರಿಗೆ ಬೆಲ್ಲದ ಕಾಫಿ.

ಒಂಬತ್ತು ಹತ್ತು ವರ್ಷದ ಹುಡುಗರಿಗೆ ಬೆಲ್ಲವೇನು, ಸಕ್ಕರೆಯೇನು! ನಾವು ಚೆನ್ನಾಗಿಯೇ ತಿಂದೆವು. ಆದರೆ ಬೀಗರ ಕಡೆಯವರು, “ಸಕ್ಕರೆ ಕಚೇರಿಯವರ ಮನೆಯಲ್ಲಿಯೇ ಸಕ್ಕರೆಗೆ ಬರವಂತೆ” ಎಂದು ನಕ್ಕರು. ಗಂಡಿನ ಕಡೆಯವರನ್ನು ಹಗುರವಾಗಿ ಕಂಡರೆಂದು ಹಿರಿಯರೊಬ್ಬರು ಎಲೆಯ ಮುಂದಿನಿಂದ ಎದ್ದರು. ಆ ನಗೆ ಆ ದಿನಕ್ಕೆ ಮುಗಿಯಲಿಲ್ಲ. ಅತ್ತೆಗೆ ಅತ್ತೆಯ ಮನೆಯಲ್ಲಿ ‘ಬೆಲ್ಲದ ಸೊಸೆ’ ಎಂದು ಹೆಸರಾಯಿತು. ಮೊದಲ ಮಗು ಹುಟ್ಟುವವರೆಗೆ, ಹುಟ್ಟಿದ ಮೇಲೆಯೂ ಬಹುಕಾಲ, ಆ ಹೆಸರು ಅವಳ ಬೆನ್ನು ಬಿಡಲಿಲ್ಲ. ಹಬ್ಬಕ್ಕೆ ತೌರಿಗೆ ಬಂದಾಗ ಅವಳು ಅಡಿಗೆಮನೆಯಲ್ಲಿ ಅಮ್ಮನ ಮುಂದೆ ಅಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಣ್ಣನ ಎದುರಿಗೆ ಅವಳು ಒಂದು ದಿನವೂ ಆ ಮಾತನ್ನೆತ್ತಲಿಲ್ಲ.

ನಾನು ಇಪ್ಪತ್ತೆರಡು ವರ್ಷದವನಾಗಿ, ಓದಿದ್ದೇನೆಂಬ ಧೈರ್ಯ ಬಂದಾಗ, 1978ರ ಒಂದು ಸೋಮವಾರ ರಾತ್ರಿ ಇವೆರಡನ್ನೂ ಸೇರಿಸಿ ಅಪ್ಪನ ಮುಂದಿಟ್ಟೆ. “ಈಗ ದೇಶದ ಗೋದಾಮುಗಳಲ್ಲಿ ಧಾನ್ಯ ತುಂಬಿದೆ. ನೀವು ಬಿಟ್ಟ ಅನ್ನ ಈಗ ಯಾರ ಹೊಟ್ಟೆಗೆ ಹೋಗುತ್ತದೆ? ಇನ್ನೂ ಏಕೆ ಈ ಒಪ್ಪತ್ತು?” ಎಂದು ಕೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಬಿಡಿ ಎಂದು ಹೇಳಿದವರು ಹೋಗಿಬಿಟ್ಟರು. ಇನ್ನು ಸಾಕು ಎಂದು ಹೇಳುವವರು ಯಾರಪ್ಪ?” ಎಂದರು. ಶಾಸ್ತ್ರಿಯವರು ತಾಷ್ಕೆಂಟಿನಲ್ಲಿ ತೀರಿಕೊಂಡದ್ದು 1966ರ ಜನವರಿ 11ರಂದು. ಒಪ್ಪತ್ತು ಹಿಡಿಸಿ ಕೆಲವೇ ತಿಂಗಳಾಗಿತ್ತು. ಅಪ್ಪನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವರು ಮಾಡುವುದನ್ನೇ ನಾನು ಮಾಡಿದೆ. ಅತ್ತೆಯ ಮದುವೆಯನ್ನು ಎತ್ತಿದೆ. “ನಿಮ್ಮ ಊಟ ನಿಮ್ಮದು, ಬಿಡಿ. ಅತ್ತೆಯ ಸಕ್ಕರೆ ನಿಮ್ಮದಾಗಿತ್ತೇ?” ಎಂದೆ. ಅಪ್ಪ ಎದ್ದು ಹೋಗಿ ಮಲಗಿದರು. ಆ ಪ್ರಶ್ನೆಗೆ ಅವರು ಎಂದೂ ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಈಗ ಓದುಗರು ಹೇಳಬೇಕು: ಒಬ್ಬನ ಸದ್ಗುಣಕ್ಕೆ ಬೆಲೆಯನ್ನು ಇನ್ನೊಬ್ಬರು ತೆರಬಹುದೇ? ಇದು ನಮ್ಮ ಮನೆಯೊಂದರ ಪ್ರಶ್ನೆಯಲ್ಲ. ಹರಿಶ್ಚಂದ್ರ ಸತ್ಯವನ್ನು ಉಳಿಸಿಕೊಂಡ. ಕಾಶಿಯ ಬೀದಿಯಲ್ಲಿ ಮಾರಾಟವಾದವರಲ್ಲಿ ಚಂದ್ರಮತಿಯೂ ಇದ್ದಳು, ಏನೂ ಅರಿಯದ ಲೋಹಿತಾಶ್ವನೂ ಇದ್ದ. ಹರಿಶ್ಚಂದ್ರನ ನಾಟಕವನ್ನು ಬಾಲ್ಯದಲ್ಲಿ ನೋಡಿ ಕಣ್ಣೀರು ಹಾಕಿದ ಗಾಂಧೀಜಿಯವರಿಗೂ ಈ ಪ್ರಶ್ನೆ ಬಂತು. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಹೊರಟಾಗ ಅಲ್ಲಿಯ ಜನ ಕೊಟ್ಟ ಉಡುಗೊರೆಗಳಲ್ಲಿ ಕಸ್ತೂರಬಾ ಅವರಿಗೆಂದೇ ಕೊಟ್ಟ ಚಿನ್ನದ ಹಾರವೊಂದಿತ್ತು. ಸೇವೆಗೆ ಪ್ರತಿಫಲ ಸಲ್ಲದೆಂದು ಗಾಂಧೀಜಿ ಎಲ್ಲವನ್ನೂ ಸಮಾಜಕ್ಕೆ ಒಪ್ಪಿಸಹೊರಟರು. ನಿಮ್ಮ ಸೇವೆಯಲ್ಲಿ ನನ್ನ ದುಡಿಮೆಯೂ ಸೇರಿಲ್ಲವೇ ಎಂದು ಬಾ ಅತ್ತು ಕೇಳಿದರು. ಆ ಮಾತು ತಮಗೆ ನಾಟಿತೆಂದೂ, ಹೇಗೋ ಮಾಡಿ ಆಕೆಯಿಂದ ಒಪ್ಪಿಗೆ ಪಡೆದೆನೆಂದೂ ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಶಾಸ್ತ್ರಿಯವರ ಕಥೆಯೂ ಅಷ್ಟೇ. ಪ್ರಧಾನಿಯಾಗಿದ್ದಾಗ ಅವರು ಸಾಲ ಮಾಡಿ ಒಂದು ಫಿಯೆಟ್ ಕಾರು ಕೊಂಡರು. ಅವರು ತೀರಿಕೊಂಡ ಮೇಲೆ ಉಳಿದ ಸಾಲವನ್ನು ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ಹೊಗಳಿಕೆ ಒಬ್ಬರಿಗೆ, ಕಂತು ಇನ್ನೊಬ್ಬರಿಗೆ.

ಇದರಲ್ಲಿ ಒಂದು ಭೇದವನ್ನು ಮಾತ್ರ ಮರೆಯಬಾರದು. ನಮ್ಮದಲ್ಲದ್ದನ್ನು ಬೇಡವೆನ್ನಲು ಯಾರ ಅಪ್ಪಣೆಯೂ ಬೇಕಿಲ್ಲ. ಕಾಳಸಂತೆಯ ವರ್ತಕನೊಬ್ಬ ದೀಪಾವಳಿಗೆಂದು ಕಳಿಸಿದ ಮೂಟೆಯನ್ನು ಅಪ್ಪ ಬೀದಿಯ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು. ಅದರಿಂದ ನಮಗೆ ನಷ್ಟವಾಯಿತೆಂದು ನಾನು ಎಂದೂ ಹೇಳಲಾರೆ. ಅದು ನಮ್ಮದಾಗಿಯೇ ಇರಲಿಲ್ಲ. ತನ್ನದನ್ನು ಬಿಡುವುದು ತ್ಯಾಗ. ಅದಕ್ಕೂ ಯಾರ ಅಪ್ಪಣೆಯೂ ಬೇಡ. ಆದರೆ ಇನ್ನೊಬ್ಬರಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ನಾವು ಬಿಟ್ಟರೆ ಅದಕ್ಕೆ ತ್ಯಾಗವೆಂಬ ಹೆಸರು ಹೊಂದುವುದಿಲ್ಲ. ಕೊನೆಯ ಪಕ್ಷ ಅವರನ್ನು ಕೇಳಬೇಕು. ಅಪ್ಪ ಅತ್ತೆಯನ್ನು ಕೇಳಲಿಲ್ಲ. ನಾನು ಅವರ ಮೇಲೆ ಹೊರಿಸಿದ ದೋಷ ಇದು. ಇಂದಿಗೂ ಅದನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಅಪ್ಪ 2004ರಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಬಂದ ಮೊದಲ ಸೋಮವಾರ ರಾತ್ರಿ ನನ್ನ ಹೆಂಡತಿ ಅಮ್ಮನನ್ನು ಊಟಕ್ಕೆ ಕರೆದಳು. ಅಮ್ಮ ಬೇಡವೆಂದಳು. ದುಃಖವಿರಬೇಕೆಂದು ನಾನು, “ಅಮ್ಮ, ಅಪ್ಪನ ವ್ರತವನ್ನು ಈ ವಯಸ್ಸಿನಲ್ಲಿ ನೀನು ಹಿಡಿಯಬೇಕಾಗಿಲ್ಲ” ಎಂದೆ.

“ಅಪ್ಪನದು ಯಾಕಾಗುತ್ತೆ? ನನ್ನದೇ,” ಎಂದಳು ಅಮ್ಮ.

ಆಗ ತಿಳಿಯಿತು, ಮೂವತ್ತೇಳು ಮೂವತ್ತೆಂಟು ವರ್ಷಗಳಿಂದ ಅವಳೂ ಸೋಮವಾರ ರಾತ್ರಿ ಉಣ್ಣುತ್ತಿರಲಿಲ್ಲ. ನಮಗೆ ಯಾರಿಗೂ ಗೊತ್ತಾಗಲಿಲ್ಲ. ಹೇಗೆ ಗೊತ್ತಾಗಬೇಕು? ನಮ್ಮಂಥ ಮನೆಗಳಲ್ಲಿ ಹೆಂಗಸರು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ ಅಡಿಗೆಮನೆಯಲ್ಲಿ ಕುಳಿತು ಉಳಿದದ್ದನ್ನು ಉಣ್ಣುತ್ತಿದ್ದರು. ಅವರು ಏನು ಉಂಡರು, ಉಂಡರೋ ಇಲ್ಲವೋ ಎಂಬುದನ್ನು ಅಲ್ಲಿಗೆ ಬಂದು ನೋಡಿದ ಗಂಡಸು ಯಾರು?

ನನ್ನ ಕೋಪ ಮತ್ತೆ ತಲೆಯೆತ್ತಿತು. “ಅಪ್ಪನಿಗೋಸ್ಕರ ನೀನೂ ಹೊಟ್ಟೆ ಕಟ್ಟಿದೆಯಾ? ತಂಗಿ ಆಗ ಕೈಗೂಸಲ್ಲವೇ?” ಎಂದೆ. ಅಮ್ಮನಿಗೆ ನನ್ನ ಮಾತು ಹಿಡಿಸಲಿಲ್ಲ. “ಪಕ್ಕದ ಮನೆ ರೇಡಿಯೋ ನನಗೂ ಕೇಳಿಸಿತ್ತು ಕಣೋ. ಶಾಸ್ತ್ರಿಗಳು ಗಂಡಸರು ಮಾತ್ರ ಬಿಡಿ ಅಂದಿದ್ದರೇ? ಕೂಸು ಹಾಲು ಬಿಡೋವರೆಗೂ ಉಂಡೆ. ಆಮೇಲೆ ಶುರು ಮಾಡಿದೆ,” ಎಂದಳು.

“ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನನಗೋಸ್ಕರ ತಾವು ಬಿಟ್ಟುಬಿಡುತ್ತಿದ್ದರು. ಅವರದೂ ಹೋಗುತ್ತಿತ್ತು, ನನ್ನದೂ ಹೋಗುತ್ತಿತ್ತು.”

ಅಮ್ಮನ ಪರವಾಗಿ ನಾನು ಹೂಡಹೊರಟ ಮೊಕದ್ದಮೆಯನ್ನು ಅಮ್ಮನೇ ವಜಾ ಮಾಡಿದಳು. ಅವಳನ್ನು ನಾನು ಅಪ್ಪನ ಗುಣಕ್ಕೆ ಬಲಿಯಾದವಳೆಂದು ತಿಳಿಯಹೊರಟಿದ್ದೆ. ಅವಳಾದರೋ ತನ್ನ ಗುಣಕ್ಕೆ ತಾನೇ ಒಡತಿಯೆಂದು ಹೇಳಿದಳು. ಅದೂ ಅಲ್ಲದೆ, ಅಪ್ಪನಿಗಿಂತ ಒಂದು ತೂಕ ಹೆಚ್ಚಿನ ವಿವೇಕವನ್ನೂ ತೋರಿಸಿದ್ದಳು. ಅಪ್ಪ ನಿಯಮವನ್ನು ಹಿಡಿದವರು, ಹಿಡಿದ ಮೇಲೆ ಸುತ್ತಮುತ್ತ ನೋಡದವರು. ಅಮ್ಮ ಮೊದಲು ತೊಟ್ಟಿಲನ್ನು ನೋಡಿ, ಕೂಸಿನ ಪಾಲನ್ನು ಕೂಸಿಗೆ ಕೊಟ್ಟು, ಅನಂತರ ತನ್ನ ಪಾಲನ್ನು ಬಿಟ್ಟವಳು. ತನ್ನದು ಯಾವುದು, ಇನ್ನೊಬ್ಬರದು ಯಾವುದು ಎಂಬ ಭೇದ, ನಾನು ಪುಸ್ತಕಗಳನ್ನು ಓದಿ ಕಲಿತದ್ದು, ಅವಳಿಗೆ ಮೊದಲೇ ಗೊತ್ತಿತ್ತು. ಇಷ್ಟಾದರೂ ಅಪ್ಪನ ಲೆಕ್ಕದಲ್ಲಿ ಒಂದು ಬಾಕಿ ಉಳಿಯುತ್ತದೆ. ದೇಶದ ಹಸಿವು ಕಂಡ ಆ ಕಣ್ಣಿಗೆ ಅಡಿಗೆಮನೆಯ ಖಾಲಿ ತಟ್ಟೆ ಅಷ್ಟು ವರ್ಷ ಕಾಣಲಿಲ್ಲ. ಆ ಬಾಕಿ ನನ್ನ ಲೆಕ್ಕದಲ್ಲಿಯೂ ಇದೆ, ನನಗೂ ಕಂಡಿರಲಿಲ್ಲ.

ಆ ತಲೆಮಾರಿನವರೆಲ್ಲ ಹೀಗೇ ಇದ್ದರೆಂದು ಹೇಳುವುದು ನನ್ನ ಉದ್ದೇಶವಲ್ಲ. ಹಿಂದಿನವರೆಲ್ಲ ಪ್ರಾಮಾಣಿಕರು, ಈಗಿನವರೆಲ್ಲ ಕಳ್ಳರು ಎಂಬುದು ನಿವೃತ್ತರು ಪಾರ್ಕಿನ ಕಲ್ಲುಬೆಂಚಿನ ಮೇಲೆ ಕುಳಿತು ಹೇಳುವ ಮಾತು. ಕಾಳಸಂತೆ ಎಂಬ ಮಾತು ಮನೆಮನೆಗೆ ಬಂದದ್ದೇ ಅವರ ಕಾಲದಲ್ಲಿ. ಎಲ್ಲರೂ ಸಾಚಾ ಆಗಿದ್ದರೆ 1955ರಲ್ಲಿ ಅಗತ್ಯ ವಸ್ತುಗಳ ಕಾಯಿದೆ ಏಕೆ ಬೇಕಾಗುತ್ತಿತ್ತು? ಸಾಲಿನಲ್ಲಿ ನಿಂತ ಆ ಕೂಲಿಯ ಹೆಂಗಸು ನಮ್ಮ ಅಡಿಗೆಮನೆಯ ಹೊಸಲು ದಾಟುವಂತಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಅದೂ ಆ ತಲೆಮಾರೇ. ಆದರೆ ಅವರಲ್ಲಿ ಕೆಲವರಿಗೆ, ನನ್ನ ತಂದೆಯಂಥ ಹೆಸರಿಲ್ಲದ ಗುಮಾಸ್ತೆಗಳಿಗೆ, ಮೇಷ್ಟ್ರುಗಳಿಗೆ, ಅಂಚೆಯವರಿಗೆ, ದೇಶ ಎಂಬುದು ಹೊಸದಾಗಿ ಕೈಗೆ ಬಂದ ವಸ್ತುವಾಗಿತ್ತು. ಹೊಸ ಮನೆಯ ನೆಲವನ್ನು ಜನ ಹೇಗೆ ಕಾಲು ತೊಳೆದುಕೊಂಡು ತುಳಿಯುತ್ತಾರೋ ಹಾಗೆ ಅವರು ಅದರಲ್ಲಿ ನಡೆದರು. ನಾವು ಹುಟ್ಟಿದ್ದೇ ಆ ಮನೆಯಲ್ಲಿ. ನಮಗೆ ಕಾಲು ತೊಳೆಯುವ ನೆನಪಾಗುವುದಿಲ್ಲ.

ನಾವು ಅವರಿಗಿಂತ ಒಂದು ವಿಷಯದಲ್ಲಿ ಮುಂದುವರಿದಿದ್ದೇವೆ. ಮನೆಯಲ್ಲಿ ಈಗ ಎಲ್ಲರನ್ನೂ ಕೇಳುತ್ತೇವೆ. ಹೆಂಡತಿಯನ್ನು ಕೇಳುತ್ತೇವೆ, ಮಕ್ಕಳನ್ನು ಕೇಳುತ್ತೇವೆ. ಇದು ದೊಡ್ಡ ಲಾಭ. ಅತ್ತೆಯ ಕಣ್ಣೀರನ್ನು ಕಂಡ ನಾನು ಇದನ್ನು ಹಗುರವಾಗಿ ಆಡುವವನಲ್ಲ. ಆದರೆ ನನ್ನ ಜೀವನವನ್ನೇ ಹಿಂದಿರುಗಿ ನೋಡಿದರೆ, ಏನನ್ನಾದರೂ ಬಿಡಬೇಕಾದ ಪ್ರಸಂಗ ಬಂದಾಗಲೆಲ್ಲ ಸಂಸಾರವನ್ನು ಮುಂದಿಟ್ಟುಕೊಂಡು ಬಿಡದೆ ಉಳಿಸಿಕೊಂಡದ್ದೇ ಹೆಚ್ಚು. “ನನಗೊಬ್ಬನಿಗಾದರೆ ಬೇಡವಾಗಿತ್ತು, ಮಕ್ಕಳ ಮುಖ ನೋಡಬೇಕಲ್ಲ!” ಎಂಬ ಮಾತನ್ನು ಎಷ್ಟು ಸಲ ಆಡಿದ್ದೇನೋ! ಅಪ್ಪ ಯಾರನ್ನೂ ಕೇಳದೆ ಬಿಟ್ಟರು. ನಾನು ಎಲ್ಲರನ್ನೂ ಕೇಳಿ, ಏನನ್ನೂ ಬಿಡಲಿಲ್ಲ. ಇವೆರಡರಲ್ಲಿ ಯಾವುದು ಹೆಚ್ಚಿನ ತಪ್ಪು ಎಂದು ತೂಗುವ ತಕ್ಕಡಿ ನನ್ನ ಕೈಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ.

ಕಠೋಪನಿಷತ್ತಿನ ಕಥೆ ಎಲ್ಲರಿಗೂ ತಿಳಿದದ್ದೇ. ವಾಜಶ್ರವಸ ಯಜ್ಞ ಮಾಡಿ, ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದಾಗ ಮಗ ನಚಿಕೇತ ಅದನ್ನು ಸಹಿಸಲಿಲ್ಲ. ತಂದೆಯ ದಾನದಲ್ಲಿ ಕೊರತೆ ಕಂಡ ಮೊದಲ ಮಗ ಅವನೇ ಇರಬೇಕು. ನನ್ನನ್ನು ಯಾರಿಗೆ ಕೊಡುತ್ತೀಯೆ ಎಂದು ಮತ್ತೆ ಮತ್ತೆ ಕೇಳಿ, ತಂದೆಯ ಕೋಪಕ್ಕೆ ಗುರಿಯಾಗಿ ಯಮನ ಮನೆಗೆ ಹೋದ. ಅಲ್ಲಿ ಮೂರು ರಾತ್ರಿ ಊಟವಿಲ್ಲದೆ ಕಾದ. ಯಮ ಮೂರು ವರಗಳನ್ನು ಕೊಟ್ಟ. ಮೂರನೆಯ ವರದಲ್ಲಿ ನಚಿಕೇತ ಕೇಳಿದ ಆತ್ಮವಿದ್ಯೆಯನ್ನೇ ವಿದ್ವಾಂಸರು ದೊಡ್ಡದಾಗಿ ವ್ಯಾಖ್ಯಾನ ಮಾಡುತ್ತಾರೆ. ಅದು ನನ್ನಂಥವನ ಶಕ್ತಿಗೆ ಮೀರಿದ್ದು. ನನ್ನ ಮನಸ್ಸು ನಿಲ್ಲುವುದು ಮೊದಲನೆಯ ವರದಲ್ಲಿ. ನನ್ನ ತಂದೆಯ ಕೋಪ ಇಳಿಯಲಿ, ಅವನ ಮನಸ್ಸು ಶಾಂತವಾಗಲಿ, ನಾನು ಹಿಂದಿರುಗಿದಾಗ ಅವನು ನನ್ನನ್ನು ಗುರುತಿಸಿ ಮಾತನಾಡಿಸಲಿ ಎಂದು ನಚಿಕೇತ ಕೇಳಿದ. ತಾನು ಕೇಳಿದ್ದು ತಪ್ಪೆಂದು ಅವನು ಹೇಳಲಿಲ್ಲ. ಹಸುಗಳು ಚೆನ್ನಾಗಿದ್ದವೆಂದೂ ಹೇಳಲಿಲ್ಲ. ಪ್ರಶ್ನೆಯನ್ನು ಹಾಗೆಯೇ ಇಟ್ಟುಕೊಂಡು, ಪ್ರಶ್ನೆಯ ಆಚೆಗೆ ನಿಂತಿದ್ದ ತಂದೆಯನ್ನು ಬೇಡಿದ. ತೀರಿಕೊಂಡ ತಂದೆಯ ವಿಷಯದಲ್ಲಿ ಮಗನಾದವನು ಮಾಡಬಹುದಾದದ್ದು ಇಷ್ಟೇ ಎಂದು ನನಗೆ ತೋರುತ್ತದೆ.

ಅಮ್ಮ 2015ರವರೆಗೆ ಇದ್ದಳು. ಕೊನೆಯ ಎರಡು ವರ್ಷ ವೈದ್ಯರು ಗದರಿಸಿದ್ದರಿಂದ ಸೋಮವಾರ ರಾತ್ರಿ ಅರ್ಧ ಲೋಟ ಗಂಜಿ ಕುಡಿಯುತ್ತಿದ್ದಳು. ಕುಡಿಯುವಾಗ ಅಪ್ಪನ ಪಟದ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದಳು.

ಅತ್ತೆಗೆ ಈಗ ಎಪ್ಪತ್ತು ದಾಟಿ ಬಹಳ ದಿನವಾಯಿತು. ಪ್ರತಿ ವರ್ಷ ಅಪ್ಪನ ತಿಥಿಗೆ ತಪ್ಪದೆ ಬರುತ್ತಾಳೆ. ಒಂದು ವರ್ಷ ನನ್ನ ಹೆಂಡತಿ ಪಾಯಸಕ್ಕೆ ಬೆಲ್ಲ ಜಜ್ಜುತ್ತಿದ್ದಾಗ, ಅತ್ತೆ ಗೋಡೆಗೊರಗಿ ಕುಳಿತು ನೋಡುತ್ತಿದ್ದವಳು, “ಅದರ ಜೊತೆಗೆ ಒಂದು ಚಮಚ ಸಕ್ಕರೆಯನ್ನೂ ಹಾಕೇ, ತಾಯಿ. ಈಗಲಾದರೂ ನಮ್ಮಣ್ಣ ತಿನ್ನಲಿ. ಟಿಪ್ಪಣಿ ಬೇಕಾದರೆ ನಾನೇ ಬರೆದುಕೊಡುತ್ತೇನೆ,” ಎಂದಳು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು. ನಕ್ಕು, ಸೆರಗಿನಿಂದ ಕಣ್ಣೊರಸಿಕೊಂಡಳು. ನನ್ನ ಹೆಂಡತಿ ಒಂದು ಚಮಚ ಸಕ್ಕರೆ ಹಾಕಿದಳು.